ಕೆತ್ತಿದ ಅಂಕಿ, ಕೊಟ್ಟ ಕಾಲ

ಯೂನಿಕಮ್ ಶಟರಿನ ಮುಖವನ್ನು ಒಮ್ಮೆ ನೋಡಿದವರು ಮರೆಯುವುದು ಕಷ್ಟ. ನಡುವೆ ಲೆನ್ಸಿನ ಕಣ್ಣು, ಎರಡು ಪಕ್ಕಕ್ಕೂ ಒಂದೊಂದು ಪುಟ್ಟ ಹಿತ್ತಾಳೆಯ ಸಿಲಿಂಡರ್, ನೆತ್ತಿಯ ಮೇಲೆ ಅಂಕಿ ಕೆತ್ತಿದ ಡಯಲ್. ಅಮೆರಿಕದ ರಾಚೆಸ್ಟರಿನ ಬಾಷ್ ಅಂಡ್ ಲೋಂಬ್ ಕಂಪನಿ 1897ರಲ್ಲಿ ಹೊರತಂದ ಈ ಶಟರ್, ಆ ಕಾಲದ ಮಡಿಸುವ ಪ್ಲೇಟ್ ಕ್ಯಾಮೆರಾಗಳಲ್ಲಿ ಬಹಳ ಸಾಮಾನ್ಯವಾಗಿತ್ತು. ಒಂದು ಸೆಕೆಂಡಿನಿಂದ ಸೆಕೆಂಡಿನ 1/100 ಭಾಗದವರೆಗೆ ಬೇಕಾದ ಕಾಲವನ್ನು ಬೆರಳ ತುದಿಯಲ್ಲಿ ಆರಿಸಿಕೊಳ್ಳಬಹುದು ಎಂದು ಅದರ ಡಯಲ್ ಹೇಳುತ್ತದೆ. ಹೊಳೆಯುವ ಹಿತ್ತಾಳೆ, ಒಪ್ಪವಾದ ಕೆತ್ತನೆ, ಎರಡೂ ಬದಿ ಸಮತೂಕ. ಸಂಗ್ರಾಹಕರು ಇದಕ್ಕೆ ಮರುಳಾಗುವುದು ಸಹಜ, ನಾನೂ ಮರುಳಾಗಿದ್ದೇನೆ. ಆದರೂ ಕಾಲ ಅಳೆಯುವ ಯಂತ್ರವಾಗಿ ಇದು ಎಡವಿದ ವಿನ್ಯಾಸ ಎಂಬುದು ನನ್ನ ಅಭಿಪ್ರಾಯ.

ಹಳೆಯ ಶಟರುಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅತಿ ಹೆಚ್ಚಿನ ವೇಗವನ್ನು ಹಿಡಿದು ಹೊಗಳುತ್ತಾರೆ. ನನಗೆ ಆ ಅಳತೆ ಒಪ್ಪಿಗೆಯಿಲ್ಲ. ಡಯಲಿನ ಮೇಲೆ ಎಂಥ ಅಂಕಿಯನ್ನಾದರೂ ಕೆತ್ತಬಹುದು. ಶಟರ್ ಇವತ್ತು ಕೊಟ್ಟ ಕಾಲವನ್ನೇ ನಾಳೆಯೂ ಕೊಡುತ್ತದೆಯೇ, ಚಳಿಗೆ ಒಂದು ಸೆಕೆಗೆ ಒಂದು ಎನ್ನದೆ ಇರುತ್ತದೆಯೇ ಎಂದು ನೋಡಬೇಕು. ಅಂಕಿ 1/50 ಎಂದು ಹೇಳಿ ನಿಜವಾಗಿ 1/35 ಕೊಟ್ಟರೂ ಚಿಂತೆಯಿಲ್ಲ, ಪ್ರತಿಸಲವೂ 1/35 ಅನ್ನೇ ಕೊಡುವುದಾದರೆ. ಅಂದಿನ ಛಾಯಾಗ್ರಾಹಕ ಕೆಂಪು ದೀಪದ ಕೆಳಗೆ ಪ್ಲೇಟನ್ನು ಕಣ್ಣಾರೆ ನೋಡುತ್ತ ಡೆವಲಪ್ ಮಾಡುತ್ತಿದ್ದವನು. ಒಂದೇ ರೀತಿ ತಪ್ಪುವ ಶಟರಿಗೆ ಅವನು ನಾಲ್ಕು ದಿನದಲ್ಲಿ ಹೊಂದಿಕೊಳ್ಳುತ್ತಿದ್ದ. ದಿನಕ್ಕೊಂದು ರೀತಿ ತಪ್ಪಿದರೆ ಅವನ ಅನುಭವವೆಲ್ಲ ವ್ಯರ್ಥ.

ಮೊದಲಿಗೆ ಶಟರೇ ಇರಲಿಲ್ಲ. 1839ರಲ್ಲಿ ಡಾಗೇರ್ ತನ್ನ ಛಾಯಾಗ್ರಹಣ ವಿಧಾನವನ್ನು ಪ್ರಕಟಿಸಿದಾಗ ಬೆಳಕು ಬೀಳಿಸಲು ನಿಮಿಷಗಟ್ಟಲೆ ಬೇಕಿತ್ತು. ಲೆನ್ಸಿನ ಮುಚ್ಚಳ ತೆಗೆ, ಎಣಿಸು, ಮುಚ್ಚು, ಅಷ್ಟೇ. 1851ರಲ್ಲಿ ಆರ್ಚರನ ಕೊಲೋಡಿಯನ್ ಹಸಿ ಪ್ಲೇಟು ಬಂದು ನಿಮಿಷಗಳು ಸೆಕೆಂಡುಗಳಾದರೂ ಕೈಗೆ ಅದು ನಿಲುಕುವ ಕಾಲವೇ. 1871ರಲ್ಲಿ ಮ್ಯಾಡಾಕ್ಸ್ ಜೆಲಟಿನ್ ಒಣ ಪ್ಲೇಟಿನ ದಾರಿ ತೋರಿಸಿ, 1878ರಲ್ಲಿ ಬೆನೆಟ್ ಆ ಲೇಪವನ್ನು ಬಿಸಿಯಲ್ಲಿ ಹದಗೊಳಿಸಿ ಅದರ ಚುರುಕನ್ನು ಹೆಚ್ಚಿಸಿದ ಮೇಲೆ ಲೆಕ್ಕ ತಲೆಕೆಳಗಾಯಿತು. ಬಿಸಿಲಲ್ಲಿ ಸೆಕೆಂಡಿನ ಸಣ್ಣ ಪಾಲು ಸಾಕಾಯಿತು. ಮನುಷ್ಯನ ಮಣಿಕಟ್ಟು ಅಷ್ಟು ಬೇಗ ತಿರುಗಲಾರದು.

ಕೈಯ ಜಾಗಕ್ಕೆ ಬಂದದ್ದು ಗುರುತ್ವ. ಬೀಳುವ ಹಲಗೆಯ ಶಟರನ್ನು ಯಾವ ಬಡಗಿಯಾದರೂ ಮಾಡಬಹುದಿತ್ತು: ನಡುವೆ ತೂತಿರುವ ಹಲಗೆ, ಅದು ಜಾರುವ ಎರಡು ತೋಡು, ತಡೆದು ನಿಲ್ಲಿಸುವ ಒಂದು ಕೊಂಡಿ. ಕೊಂಡಿ ಬಿಟ್ಟರೆ ತೂತು ಲೆನ್ಸಿನ ಮುಂದೆ ಹಾದು ಬೀಳುತ್ತದೆ. ಇದರಲ್ಲಿ ಕಾಲವನ್ನು ಹೊಂದಿಸುವುದು ಹೇಗೆಂದು ಒಮ್ಮೆ ಲೆಕ್ಕ ಹಾಕಿ ನೋಡಿದೆ. ಹಲಗೆ 10 ಸೆಂಟಿಮೀಟರ್ ಬಿದ್ದ ನಂತರ 5 ಸೆಂಟಿಮೀಟರಿನ ತೂತು 2.5 ಸೆಂಟಿಮೀಟರಿನ ಲೆನ್ಸನ್ನು ದಾಟಲು ಸೆಕೆಂಡಿನ ಸುಮಾರು 1/20 ಹಿಡಿಯುತ್ತದೆ. ಇದನ್ನು ಅರ್ಧಕ್ಕಿಳಿಸಲು ಹಲಗೆಯನ್ನು ಎರಡು ಪಟ್ಟು ಎತ್ತರಿಸಿದರೆ ಸಾಲದು, ನಾಲ್ಕು ಪಟ್ಟು ಎತ್ತರಿಸಬೇಕು. 40 ಸೆಂಟಿಮೀಟರ್ ಎತ್ತರಿಸಿದರೂ ಸಿಗುವುದು 1/40ರ ಆಸುಪಾಸು. ಆದ್ದರಿಂದಲೇ ಹಲಗೆಗೆ ರಬ್ಬರ್ ಪಟ್ಟಿ ಕಟ್ಟಿ ಎಳೆಸುವ ಉಪಾಯ ಬಂತು. 1878ರಲ್ಲಿ ಪಾಲೋ ಆಲ್ಟೋದಲ್ಲಿ ಮೈಬ್ರಿಜ್ ಓಡುವ ಕುದುರೆಗಳನ್ನು ಹಿಡಿದ ಸಾಲು ಕ್ಯಾಮೆರಾಗಳಲ್ಲೂ ರಬ್ಬರಿನ ಎಳೆತವೇ ಹಲಗೆಗಳನ್ನು ಓಡಿಸಿದ್ದು. ಗುರುತ್ವ ಎಂದೂ ಬದಲಾಗದು. ರಬ್ಬರು ಬಿಸಿಲಿಗೆ ಒಣಗುತ್ತದೆ, ಬಿರಿಯುತ್ತದೆ. ವೇಗ ಬೇಕೆಂದಾಗ ನಂಬಿಕೆಯನ್ನು ಬಿಟ್ಟುಕೊಡುವ ಈ ವ್ಯಾಪಾರ ಮುಂದೆ ಮೂವತ್ತು ವರ್ಷ ನಡೆಯಿತು.

ಇಂಗ್ಲೆಂಡಿನ ಥಾರ್ನ್‌ಟನ್-ಪಿಕಾರ್ಡ್ ಕಂಪನಿಯ ಸುರುಳಿ ಪರದೆಯ ಶಟರಿನ ಬಗ್ಗೆ ನನಗೆ ವಿಶೇಷ ಗೌರವವಿದೆ. ನಮ್ಮ ಪೇಟೆಯ ಅಂಗಡಿಗಳ ರೋಲಿಂಗ್ ಶಟರನ್ನು ಮೇಲೆತ್ತುವಾಗ ಸುರುಳಿಯ ಒಳಗಿನ ಸ್ಪ್ರಿಂಗು ಸರಕ್ಕೆಂದು ಎಳೆದುಕೊಳ್ಳುತ್ತದಲ್ಲ, ಅದೇ ಸಂಗತಿ ಒಂದು ಅಂಗೈಯಗಲದ ಮರದ ಪೆಟ್ಟಿಗೆಯಲ್ಲಿ. ಮೇಲೊಂದು, ಕೆಳಗೊಂದು ಸುರುಳಿ, ನಡುವೆ ಕಿಂಡಿಯಿರುವ ಕಪ್ಪು ಬಟ್ಟೆ. ದಾರ ಎಳೆದರೆ ಬಟ್ಟೆ ಸುತ್ತಿಕೊಂಡು ಸಿದ್ಧವಾಗುತ್ತದೆ, ರಬ್ಬರ್ ಉಂಡೆ ಹಿಚುಕಿದರೆ ಕಿಂಡಿ ಲೆನ್ಸಿನ ಮುಂದೆ ಹಾದುಹೋಗುತ್ತದೆ. ಪಕ್ಕದ ಗುಬ್ಬಿಯನ್ನು ತಿರುಗಿಸಿ ಸ್ಪ್ರಿಂಗನ್ನು ಬಿಗಿ ಮಾಡಿದಷ್ಟೂ ವೇಗ ಹೆಚ್ಚು, ಸಾಮಾನ್ಯವಾಗಿ 1/15ರಿಂದ 1/90ರವರೆಗೆ. ಆರು ಪಟ್ಟಿನ ಅಂತರ ಮಾತ್ರ. ಬಡತನ ಎನ್ನಿಸಬಹುದು. ಆದರೆ ಒಂದು ಸ್ಪ್ರಿಂಗಿನ ಬಿಗಿತದಿಂದ ಪ್ರಾಮಾಣಿಕವಾಗಿ ಪಡೆಯಬಹುದಾದ್ದು ಹೆಚ್ಚುಕಡಿಮೆ ಅಷ್ಟೇ, ಅದರಾಚೆಗಿನ ಅಂಕಿಯನ್ನು ತಯಾರಕರು ಕೆತ್ತಲಿಲ್ಲ. ಬಟ್ಟೆ ಹರಿದರೆ ಹೊಸ ಬಟ್ಟೆ, ದಾರ ಕಡಿದರೆ ಹೊಸ ದಾರ. ಒಳಗೆ ಬಚ್ಚಿಟ್ಟ ಮರ್ಮವೇನೂ ಇಲ್ಲ.

ಅದೇ ಕಾಲದ ಗೆರ್ರಿ ಎಂಬವನ ರೆಕ್ಕೆ ಶಟರನ್ನೂ ಇಲ್ಲಿ ನೆನೆಯಬೇಕು. ಮೇಲ್ಗಡೆ ಕೀಲಿರುವ ರೆಕ್ಕೆ ಹೊರಮುಖವಾಗಿ ಮೇಲೆದ್ದಾಗ ನೆಲದ ಬೆಳಕು ಮೊದಲು ಒಳಬರುತ್ತದೆ, ಆಕಾಶದ ಬೆಳಕು ಕೊನೆಗೆ. ಅಂದಿನ ಪ್ಲೇಟುಗಳು ನೀಲಿಗೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ ಆಕಾಶ ಸುಟ್ಟು ಬೆಳ್ಳಗಾಗುತ್ತಿತ್ತು. ಹೀಗಾಗಿ ಯಂತ್ರದ ನಿಧಾನವೇ ಭೂದೃಶ್ಯ ತೆಗೆಯುವವರಿಗೆ ವರವಾಯಿತು.

ಮತ್ತೆ ಯೂನಿಕಮ್ಮಿಗೆ ಬರೋಣ. ಎರಡು ಸಿಲಿಂಡರುಗಳಲ್ಲಿ ಒಂದರ ಕೆಲಸ ಸರಳ: ರಬ್ಬರ್ ಉಂಡೆಯಿಂದ ಬಂದ ಗಾಳಿ ಅದರ ಪಿಸ್ಟನನ್ನು ತಳ್ಳಿ ಶಟರನ್ನು ಬಿಡಿಸುತ್ತದೆ. ಇಂದಿನ ಡಿಜಿಟಲ್ ಕ್ಯಾಮೆರಾದ ಡಯಲಿನಲ್ಲೂ ‘ಬಿ’ ಎಂಬ ಅಕ್ಷರ ಉಳಿದಿದೆಯಲ್ಲ, ಅದು ಈ ಉಂಡೆಯ, ಅಂದರೆ ಬಲ್ಬಿನ, ‘ಬಿ’. ಹಿಚುಕಿ ಹಿಡಿದಷ್ಟು ಹೊತ್ತು ಕಣ್ಣು ತೆರೆದಿರುತ್ತದೆ. ಉಂಡೆ ಮಾಯವಾಗಿ ತಲೆಮಾರುಗಳೇ ಕಳೆದವು.

ತಕರಾರು ಇರುವುದು ಇನ್ನೊಂದು ಸಿಲಿಂಡರಿನಲ್ಲಿ. ಅದು ಬ್ರೇಕು. ಮುಖ್ಯ ಸ್ಪ್ರಿಂಗು ರೆಕ್ಕೆಗಳನ್ನು ತೆರೆದು ಮುಚ್ಚಲು ಹೊರಟಾಗ ಅದು ಜೊತೆಗೆ ಒಂದು ಪಿಸ್ಟನನ್ನೂ ಎಳೆಯಬೇಕು, ಪಿಸ್ಟನ್ನಿಗೆ ಗಾಳಿ ಅಡ್ಡ ನಿಲ್ಲುತ್ತದೆ. ಡಯಲ್ ತಿರುಗಿಸಿದರೆ ಪಿಸ್ಟನಿನ ತಡೆ ಹೆಚ್ಚುಕಡಿಮೆಯಾಗಿ ಅದಕ್ಕೆ ತಕ್ಕಂತೆ ಕಾಲ ಬದಲಾಗುತ್ತದೆ. ಕಾಗದದ ಮೇಲೆ ಸೊಗಸಾದ ಯೋಚನೆ. ಆದರೆ ಕಾಲವನ್ನು ನಿಜವಾಗಿ ನಿರ್ಧರಿಸುವುದು ಪಿಸ್ಟನ್ನಿಗೂ ಸಿಲಿಂಡರಿನ ಗೋಡೆಗೂ ನಡುವಿನ ಕೂದಲೆಳೆಯ ಸಂದು. ಗಾಳಿ ಸೋರುವುದು ಅಲ್ಲಿಂದ. ತಿಕ್ಕಾಟದಿಂದ ಸಂದು ಸವೆದು ಅಗಲವಾದರೆ ಸೆಕೆಂಡು ಕುಗ್ಗುತ್ತದೆ. ಯಾರಾದರೂ ಒಳ್ಳೆಯ ಮನಸ್ಸಿನಿಂದ ಒಂದು ಹನಿ ಎಣ್ಣೆ ಬಿಟ್ಟರೆ ಸಂದು ಮುಚ್ಚಿಹೋಗಿ ಸೆಕೆಂಡು ಹಿಗ್ಗುತ್ತದೆ. ಧೂಳು ಸೇರಿದರೆ ಪಿಸ್ಟನ್ ಅರ್ಧ ದಾರಿಯಲ್ಲಿ ತಡವರಿಸುತ್ತದೆ. ಯಂತ್ರಕ್ಕೆ ಎಣ್ಣೆ ಹಾಕುವುದೇ ಆರೈಕೆ ಎಂದು ನಂಬಿದ ಲೋಕದಲ್ಲಿ, ಎಣ್ಣೆಯೇ ಶತ್ರುವಾಗಿರುವ ಯಂತ್ರ ಇದು.

ಇನ್ನೊಂದು ತೊಡಕು ಎಲ್ಲ ರೆಕ್ಕೆ ಶಟರುಗಳಿಗೂ ಸೇರಿದ್ದು. ರೆಕ್ಕೆಗಳು ತೆರೆಯಲೂ ಮುಚ್ಚಲೂ ಸಮಯ ಬೇಕು. 1/100 ಎಂದರೆ 10 ಮಿಲಿಸೆಕೆಂಡು. ತೆರೆಯಲು 3, ಮುಚ್ಚಲು 3 ಹೋಯಿತು ಎಂದಿಟ್ಟುಕೊಳ್ಳಿ; ಕಣ್ಣು ಪೂರ್ತಿ ತೆರೆದಿರುವುದು 4 ಮಾತ್ರ. ಅಪರ್ಚರನ್ನು ಸಣ್ಣದು ಮಾಡಿದಾಗ ಆ ಕಿರುತೂತನ್ನು ರೆಕ್ಕೆಗಳು ಬೇಗ ತೆರವು ಮಾಡಿ ತಡವಾಗಿ ಮುಚ್ಚುತ್ತವೆ. ಹೀಗೆ ಡಯಲಿನ ಒಂದೇ ಅಂಕಿ ದೊಡ್ಡ ಅಪರ್ಚರಿಗೆ ಒಂದು ಕಾಲ, ಸಣ್ಣದಕ್ಕೆ ಇನ್ನೊಂದು ಕಾಲ ಕೊಡುತ್ತದೆ. ಈ ಕೊರತೆಯನ್ನು ನಾನು ವಿನ್ಯಾಸಕಾರರ ತಲೆಗೆ ಕಟ್ಟಲಾರೆ. ಲೋಹಕ್ಕೆ ತೂಕವಿರುವವರೆಗೂ ಅದು ತಪ್ಪಿದ್ದಲ್ಲ. ಇದಕ್ಕೆ ಬದಲಾಗಿ ಸಿಗುವ ಲಾಭವೂ ದೊಡ್ಡದು. ಲೆನ್ಸಿನ ಗಾಜುಗಳ ನಡುವೆ ಕೂತಿರುವುದರಿಂದ, ರೆಕ್ಕೆ ಒಂದಿಷ್ಟೇ ತೆರೆದಾಗಲೂ ಇಡೀ ಪ್ಲೇಟಿನ ಮೇಲೆ ಬೆಳಕು ಒಟ್ಟಿಗೆ ಬೀಳುತ್ತದೆ.

ಸೀಳಿನ ಶಟರಿನಲ್ಲಿ ಇಲ್ಲವಾದದ್ದು ಆ ‘ಒಟ್ಟಿಗೆ’. ಪ್ರಷ್ಯದ ಲಿಸ್ಸಾ ಊರಿನ ಒಟ್ಟೊಮರ್ ಆನ್‌ಶುಟ್ಸ್ 1884ರಲ್ಲಿ ಹಾರುವ ಕೊಕ್ಕರೆಗಳನ್ನು ಹಿಡಿದು ಬೆರಗು ಹುಟ್ಟಿಸಿದವನು. ಅವನು ಬೆಳೆಸಿದ ಶಟರಿನಲ್ಲಿ ಪರದೆ ಲೆನ್ಸನ್ನು ಬಿಟ್ಟು ಪ್ಲೇಟಿನ ಮುಂದೆಯೇ ಓಡುತ್ತದೆ, ಅದರಲ್ಲೊಂದು ಕಿರಿದಾದ ಸೀಳು. ಸೀಳನ್ನು ಕಿರಿದು ಮಾಡಿದರೆ 1/1000 ಕೂಡ ಸಾಧ್ಯ. ಇದನ್ನು ಮುಂದೆ ಅಮೆರಿಕದ ಗ್ರಾಫ್ಲೆಕ್ಸ್ ಕ್ಯಾಮೆರಾಗಳು ತಮ್ಮದೇ ರೀತಿಯಲ್ಲಿ ಮೈಗೂಡಿಸಿಕೊಂಡವು: ಒಂದೇ ಉದ್ದನೆಯ ಪರದೆಯಲ್ಲಿ ಒಂದೂವರೆ ಇಂಚಿನಿಂದ ಇಂಚಿನ 1/8 ಭಾಗದವರೆಗೆ ನಾಲ್ಕು ಅಗಲದ ಸೀಳು, ಸ್ಪ್ರಿಂಗಿಗೆ ಆರು ಬಿಗಿತ, ಗುಣಿಸಿದರೆ 24 ವೇಗ. ಯಾವ ಸೀಳಿಗೆ ಯಾವ ಬಿಗಿತ ಸೇರಿದರೆ ಎಷ್ಟು ಎಂಬ ಕೋಷ್ಟಕವನ್ನು ತಗಡಿನ ಮೇಲೆ ಅಚ್ಚುಹಾಕಿ ಕ್ಯಾಮೆರಾದ ಮೈಗೇ ಹೊಡೆದಿದ್ದರು. ಇದು ನನಗೆ ಇಷ್ಟ. ಕಾಲ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಬಳಸುವವನಿಂದ ಮರೆಮಾಚದ ವಿನ್ಯಾಸ.

ಆದರೆ ಅಚ್ಚಾದ 1/1000ರ ಅರ್ಥವನ್ನು ಬಿಡಿಸಿ ನೋಡಿ. ಇಂಚಿನ 1/8 ಭಾಗದ ಸೀಳು ಆ ಕಾಲ ಕೊಡಬೇಕಾದರೆ ಪರದೆ ಸೆಕೆಂಡಿಗೆ 125 ಇಂಚು ಓಡಬೇಕು. ನಾಲ್ಕು ಇಂಚಿನ ಪ್ಲೇಟನ್ನು ದಾಟಲು ಅದಕ್ಕೆ ಸುಮಾರು 1/30 ಸೆಕೆಂಡು ಬೇಕು. ಪ್ಲೇಟಿನ ಪ್ರತಿ ಗೆರೆಯೂ 1/1000 ಸೆಕೆಂಡಿನದು, ಇಡೀ ಚಿತ್ರ 1/30 ಸೆಕೆಂಡಿನದು. ಫ್ರಾನ್ಸಿನ ಲಾರ್ಟಿಗ್ ತೆಗೆದ ರೇಸು ಕಾರಿನ ಪ್ರಸಿದ್ಧ ಚಿತ್ರದಲ್ಲಿ ಚಕ್ರ ಮೊಟ್ಟೆಯಾಕಾರವಾಗಿ ಮುಂದಕ್ಕೆ ವಾಲಿರುವುದು, ರಸ್ತೆ ಬದಿಯ ಜನರೂ ಕಂಬಗಳೂ ಹಿಂದಕ್ಕೆ ಬಾಗಿರುವುದು, ಸೀಳು ಹೀಗೆ ಪ್ಲೇಟನ್ನು ದಾಟುವಷ್ಟರಲ್ಲಿ ಕಾರೂ ಕ್ಯಾಮೆರಾವೂ ಸರಿದದ್ದರಿಂದ. ಇವತ್ತು ಮೊಬೈಲಿನಲ್ಲಿ ತಿರುಗುವ ಫ್ಯಾನಿನ ವಿಡಿಯೊ ತೆಗೆದರೆ ರೆಕ್ಕೆಗಳು ಕುಡುಗೋಲಿನಂತೆ ಬಾಗುತ್ತವೆ. ಸೆನ್ಸರು ಚಿತ್ರವನ್ನು ಸಾಲುಸಾಲಾಗಿ ಓದುವುದರಿಂದ ಹುಟ್ಟುವ ಅದೇ ಗುಣ.

ಗ್ರಾಫ್ಲೆಕ್ಸಿನ ಸೀಳಿಗೆ ಇನ್ನೊಂದು ಕೊರತೆಯಿತ್ತು. ಓಡುತ್ತ ಹೋದಂತೆ ಪರದೆಯ ವೇಗ ಏರುತ್ತದೆ, ಸೀಳಿನ ಅಗಲ ಮಾತ್ರ ಇದ್ದಷ್ಟೇ ಇರುತ್ತದೆ. ಹಾಗಾಗಿ ಪ್ಲೇಟಿನ ಮೊದಲ ಅಂಚಿಗೆ ಬಿದ್ದಷ್ಟು ಬೆಳಕು ಕೊನೆಯ ಅಂಚಿಗೆ ಬೀಳದು. ಇದಕ್ಕೆ ಅತ್ಯಂತ ಸುಂದರ ಉತ್ತರ ಆಸ್ಕರ್ ಬರ್ನಾಕನ ಲೈಕಾ ಕ್ಯಾಮೆರಾದಲ್ಲಿದೆ. ಅಲ್ಲಿ ಪರದೆಗಳು ಎರಡು. ಮೊದಲನೆಯದು ಹೊರಟು ಇಷ್ಟು ಹೊತ್ತಿಗೆ ಎರಡನೆಯದು ಅದರ ಬೆನ್ನಟ್ಟುತ್ತದೆ. ಎರಡೂ ಒಂದೇ ರೀತಿ ವೇಗ ಹೆಚ್ಚಿಸಿಕೊಂಡು ಓಡಿದರೆ, ನಡುವಿನ ಸೀಳು ತಾನಾಗಿ ಅಗಲವಾಗುತ್ತ ಹೋಗಿ ಪ್ರತಿ ಬಿಂದುವಿಗೂ ಸಿಗುವ ಕಾಲ ಸಮನಾಗುತ್ತದೆ. ಬಿಗಿತವನ್ನು ಮುಟ್ಟಬೇಕಿಲ್ಲ, ಹೊಂದಿಸಬೇಕಾದ್ದು ಒಂದೇ ಸಂಗತಿ: ಎರಡನೆಯ ಪರದೆ ಹೊರಡುವ ಗಳಿಗೆ. 1923ರ ಪ್ರಯೋಗದ ಮಾದರಿಯಲ್ಲಿ ಫಿಲ್ಮು ಸುತ್ತುವಾಗ ಪರದೆಗಳ ನಡುವೆ ಬೆಳಕು ನುಸುಳುತ್ತಿದ್ದುದರಿಂದ ಪ್ರತಿಸಲ ಲೆನ್ಸಿಗೆ ಮುಚ್ಚಳ ಹಾಕಬೇಕಿತ್ತು. ಡಾಗೇರನ ಮುಚ್ಚಳ ಅಷ್ಟು ದೂರ ಬಂದಿತ್ತು. 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾದಲ್ಲಿ ಅದು ತಪ್ಪಿತು. ವೇಗ 1/20ರಿಂದ 1/500. ನಿಧಾನದ ಕಾಲಗಳು ಮಾತ್ರ ಅಲ್ಲೂ ಇರಲಿಲ್ಲ.

ನಿಧಾನವನ್ನು ಅಳೆಯುವುದೇ ಕಷ್ಟದ ಕೆಲಸ. ವೇಗಕ್ಕೆ ಬಲವಾದ ಸ್ಪ್ರಿಂಗು ಸಾಕು, ನಿಧಾನಕ್ಕೆ ನಂಬಿಕಸ್ಥ ಬ್ರೇಕು ಬೇಕು. ಅದು ಬಂದದ್ದು ಗಡಿಯಾರದ ತಂತ್ರದಿಂದ. ಬಾಷ್ ಅಂಡ್ ಲೋಂಬಿನಲ್ಲಿ ಕೆಲಸ ಮಾಡಿದ್ದ ಕ್ಲೈನ್ ಮತ್ತು ಬ್ರೂಕ್ ಎಂಬಿಬ್ಬರು 1910ರಲ್ಲಿ ರಾಚೆಸ್ಟರಿನಲ್ಲೇ ಐಲೆಕ್ಸ್ ಎಂಬ ಕಂಪನಿ ಕಟ್ಟಿ, ಗಾಳಿಯ ಬದಲು ಹಲ್ಲುಚಕ್ರಗಳಿಂದ ತಡೆಯುವ ಶಟರ್ ಮಾಡಿದರು. ಗಾಳಿಯ ಸಿಲಿಂಡರಿನ ಮನೆಯಲ್ಲಿ ದುಡಿದವರೇ ಅದನ್ನು ಕೈಬಿಟ್ಟರೆಂಬುದು ನನ್ನ ಮಟ್ಟಿಗೆ ದೊಡ್ಡ ಸಾಕ್ಷ್ಯ. ಮ್ಯೂನಿಕ್ಕಿನಲ್ಲಿ ಫ್ರೀಡ್ರಿಕ್ ಡೆಕೆಲ್ ಕಾರ್ಖಾನೆಯೂ ಮೊದಲು ಕಾಂಪೌಂಡ್ ಎಂಬ ಗಾಳಿ ಬ್ರೇಕಿನ ಶಟರನ್ನೇ ಮಾಡಿ, 1912ರಲ್ಲಿ ಹಲ್ಲುಚಕ್ರದ ಕಾಂಪುರ್ ತಂದಿತು. ಕಾಂಪೌಂಡ್ ಎಂಬುದಕ್ಕೆ ಗಡಿಯಾರ ಎಂಬರ್ಥದ ಜರ್ಮನ್ ಪದ ‘ಊರ್’ ಸೇರಿಸಿ ಕಟ್ಟಿದ ಹೆಸರು ಅದು.

ಕಾಂಪುರಿನ ಒಳಗೆ ಸ್ಪ್ರಿಂಗಿನ ಓಟ ಒಂದರ ಹಿಂದೊಂದು ಹಲ್ಲುಚಕ್ರಗಳನ್ನು ತಿರುಗಿಸಬೇಕು. ಕೊನೆಯ ಚಕ್ರದ ಹಲ್ಲುಗಳಿಗೆ ಒಂದು ಪುಟ್ಟ ಕವೆ ಅತ್ತಿಂದಿತ್ತ ತಾಗುತ್ತ ತಡೆಯೊಡ್ಡುತ್ತದೆ. ಡಯಲ್ ತಿರುಗಿಸಿದಾಗ ಈ ಸಾಲು ಎಷ್ಟು ಆಳಕ್ಕೆ ಕಚ್ಚಿಕೊಳ್ಳಬೇಕು ಎಂಬುದು ಬದಲಾಗುತ್ತದೆ. ವೇಗದ ಕಾಲಗಳಲ್ಲಿ ಕವೆ ಬಿಟ್ಟುಕೊಂಡು ಚಕ್ರಗಳ ಜಡತ್ವ ಮಾತ್ರ ತಡೆಯುತ್ತದೆ, ಅತಿ ವೇಗದಲ್ಲಿ ಅದೂ ಇಲ್ಲ. ಇಲ್ಲಿ ಕಾಲ ಹುಟ್ಟುವುದು ಲೋಹದ ತೂಕದಿಂದ, ಹಲ್ಲುಗಳ ಲೆಕ್ಕದಿಂದ. ಮಳೆಗಾಲದಲ್ಲಿ ಹಲ್ಲುಗಳ ಸಂಖ್ಯೆ ಬದಲಾಗದು. ಯೂನಿಕಮ್ಮಿನ ಸಿಲಿಂಡರುಗಳು ಮುಖದ ಮೇಲೆ ಮೆರೆದವು. ಕಾಂಪುರಿನ ಚಕ್ರಗಳು ಕಪ್ಪು ತಗಡಿನ ಹಿಂದೆ ಕಾಣದಂತೆ ಕೂತವು. 1929ರ ರೋಲಿಫ್ಲೆಕ್ಸ್ ಕ್ಯಾಮೆರಾಕ್ಕೂ ಡೆಕೆಲ್ಲನ ಕಾಂಪುರೇ ಬೇಕಾಯಿತು. 1933ರ ಲೈಕಾ ಒಂದು ಸೆಕೆಂಡಿನವರೆಗಿನ ನಿಧಾನದ ಕಾಲಗಳನ್ನು ಪಡೆದಾಗ ಅದರ ಮೈಯೊಳಗೂ ಇಂಥದ್ದೇ ಚಕ್ರಗಳ ಸಾಲು ಸೇರಿತು.

ದೋಷವಿಲ್ಲದ್ದಲ್ಲ. ವರ್ಷಗಟ್ಟಲೆ ಬಳಸದೆ ಇಟ್ಟರೆ ಎಣ್ಣೆ ಅಂಟಾಗಿ ಚಕ್ರಗಳು ಹೆಣಗುತ್ತವೆ. ಆದರೆ ಆ ದೋಷ ತನ್ನನ್ನು ತಾನೇ ತೋರಿಸಿಕೊಡುತ್ತದೆ, ಗಾಳಿಯ ಹಾಗೆ ಮೌನವಾಗಿ ಸೋರಿಹೋಗುವುದಿಲ್ಲ. ಹಳೆಯ ಕ್ಯಾಮೆರಾ ರಿಪೇರಿ ಮಾಡುವವರು ಕಾಂಪುರನ್ನು ಒಂದು ಸೆಕೆಂಡಿಗಿಟ್ಟು ಕಿವಿಯ ಹತ್ತಿರ ಹಿಡಿಯುತ್ತಾರೆ. ಝರ್ರೆಂಬ ಸದ್ದು ಮೊದಲಿನಿಂದ ಕೊನೆಯವರೆಗೆ ಒಂದೇ ಹದದಲ್ಲಿ ಹರಿಯಬೇಕು. ಕೊನೆಯ ಹಲ್ಲುಗಳಲ್ಲಿ ಅದು ಎಳೆದುಕೊಂಡರೆ ಚಕ್ರಗಳನ್ನು ಬಿಚ್ಚಿ ತೊಳೆದು, ಒಣಗಿಸಿ, ಕೂರಿಸಿ, ಮತ್ತೆ ಕಿವಿಗಿಟ್ಟು ಕೇಳುತ್ತಾರೆ.