ಗೋಡೆ ಉಳಿಯಿತು, ರಂಗ?

ಬೆಂಗಳೂರಿನ ಬ್ರಿಗೇಡ್ ರಸ್ತೆ, ರೆಸಿಡೆನ್ಸಿ ರಸ್ತೆ ಕೂಡುವಲ್ಲಿನ ಆಪೆರಾ ಹೌಸ್ ಬ್ರಿಟಿಷರ ಕಾಲದ್ದು. ನಾಟಕ, ಸಂಗೀತ, ಆಮೇಲೆ ಸಿನಿಮಾ ಕಂಡ ಕಟ್ಟಡ ವರ್ಷಗಟ್ಟಲೆ ಪಾಳು ಬಿದ್ದಿತ್ತು. 2018ರ ಸೆಪ್ಟೆಂಬರ್‌ನಲ್ಲಿ ಸ್ಯಾಮ್‌ಸಂಗ್ ಕಂಪನಿ ಅದನ್ನು ನವೀಕರಿಸಿ 33,000 ಚದರಡಿಯ ಮಳಿಗೆಯಾಗಿ ತೆರೆಯಿತು. ಗೋಡೆ ಉಳಿಯಿತು, ಅದಕ್ಕೆ ಮೆಚ್ಚುಗೆ ಸಲ್ಲಲೇಬೇಕು. ಆದರೆ ಪ್ರೇಕ್ಷಕ ಹೋಗಿ ಗಿರಾಕಿ ಬಂದ. ಅಲ್ಲಿ ಏರ್ಪಟ್ಟ ಕಾರ್ಯಕ್ರಮಗಳೂ ಮಾರಾಟದ ಒಗ್ಗರಣೆಯೇ.

ಮುಂಬೈಯ ರಾಯಲ್ ಆಪೆರಾ ಹೌಸ್ ಕತೆ ಬೇರೆ. 1993ರಲ್ಲಿ ಮುಚ್ಚಿದ್ದ ಅದು ವಾಸ್ತುಶಿಲ್ಪಿ ಆಭಾ ನಾರಾಯಣ್ ಲಾಂಬಾ ಅವರ ಕೈಯಲ್ಲಿ ಜೀರ್ಣೋದ್ಧಾರಗೊಂಡು, 2016ರಲ್ಲಿ ರಂಗಮಂದಿರವಾಗಿಯೇ ಬಾಗಿಲು ತೆರೆಯಿತು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ನಮಗೆ ಇದರ ಗೊಡವೆ ಏಕೆ? ಸವದತ್ತಿ ತಾಲೂಕಿನ ಏಣಗಿಯಿಂದ ಹೊರಟ ಬಾಳಪ್ಪನವರು (1914–2017) ಕಲಾವೈಭವ ನಾಟ್ಯಸಂಘ ಕಟ್ಟಿ ಊರೂರು ಸುತ್ತಿದರು. ಕಂಪನಿ ನಾಟಕಕ್ಕೆ ತಗಡು, ಪರದೆಗಳೇ ಥಿಯೇಟರು. ಕ್ಯಾಂಪು ಎದ್ದರೆ ಬರೀ ಬಯಲು. ಆದರೂ ಆಟ ಉಳಿಯುತ್ತಿತ್ತು. ಒಂದೇ ಚಾಪೆಯ ಮೇಲೆ ಎಲ್ಲ ಓಣಿಯವರೂ ಕೂತು ನೋಡಿದವರು ನಾವು.

ಗೋಡೆಯಿದ್ದೂ ಆಟವಿಲ್ಲದ ಊರು, ಆಟವಿದ್ದೂ ಗೋಡೆಯಿಲ್ಲದ ಊರು — ಬಡ ಊರು ಯಾವುದು? ಹಳೆಯ ರಂಗಮಂದಿರ ರಿಪೇರಿಗೆ ಹೊರಡುವವರು ಸುಣ್ಣ-ಗಾರೆಯ ಲೆಕ್ಕಕ್ಕೆ ಮುಂಚೆ ಒಂದು ಮಾತು ಕೇಳಿಕೊಳ್ಳಲಿ: ಇದರೊಳಗೆ ನಾಳೆ ಆಡುವವರು ಯಾರು, ಬಾಡಿಗೆ ಅವರ ಕೈಗೆ ಎಟಕುವುದೇ?