ಬೋಬಣ್ಣನೂ ನಮ್ಮ ಉಪಾಧ್ಯಾಯರೂ

ಮೂಡಿಗೆರೆಯ ಕಾಫಿತೋಟದಲ್ಲಿ ನೆಲಸಿದ್ದ ಪೂರ್ಣಚಂದ್ರ ತೇಜಸ್ವಿಯವರ ‘ಅಬಚೂರಿನ ಪೋಸ್ಟಾಫೀಸು’ ಎಂಬ ಕಥೆಯನ್ನು, ಪರರ ಕಾಗದವನ್ನು ಇಣಿಕಿ ನೋಡುವ ಹಳ್ಳಿಗನೊಬ್ಬನ ವಿನೋದವೆಂದೇ ವಾಚಕರು ಸಾಮಾನ್ಯವಾಗಿ ಓದುವರು. ನಮಗಾದರೋ ಅದು ಹೊರೆಯ ಕಥೆಯಾಗಿಯೂ ತೋರುತ್ತದೆ. ಬೋಬಣ್ಣನಿಗೆ ತೋಟದ ಕೆಲಸವಿದ್ದಿತು. ಅದರ ಮೇಲೆ ಅಂಚೆಯೂ ಬಂದಿತು. ಅಂಚೆಯಿಂದ ಮನೆಯ ನೆಮ್ಮದಿ ಕೆಟ್ಟಿತು.

ಬೋಬಣ್ಣನು ಉಪಾಧ್ಯಾಯನಲ್ಲ, ನಿಜ. ಆದರೆ ಅದೇ ಬೆಟ್ಟಗಳ ಉಪಾಧ್ಯಾಯರು ಈ ಕಥೆಯನ್ನೋದಿದರೆ ನಗುವರೇ? ದಶವಾರ್ಷಿಕ ಜನಗಣತಿ, ವಿಪತ್ಪರಿಹಾರ, ಚುನಾವಣೆ ಇವುಗಳ ಹೊರತು ಶಿಕ್ಷಣೇತರ ಕಾರ್ಯಕ್ಕೆ ಶಿಕ್ಷಕರನ್ನು ನಿಯೋಜಿಸಕೂಡದೆಂದು 2009ರ ಶಿಕ್ಷಣ ಹಕ್ಕು ಕಾಯಿದೆಯ 27ನೆಯ ಕಲಮು ಹೇಳುತ್ತದೆ. ಆದರೂ 2025ರ ಸೆಪ್ಟೆಂಬರಿನಲ್ಲಿ ತೊಡಗಿದ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಸರ್ಕಾರಿ ಶಾಲೆಯ ಉಪಾಧ್ಯಾಯರೇ 60 ಪ್ರಶ್ನೆಗಳನ್ನು ಹೊತ್ತು ಮನೆಮನೆಗೆ ನಡೆಯಬೇಕಾಯಿತು. ದಸರೆಯ ರಜೆಯನ್ನು ಅಕ್ಟೋಬರ್ 18ರವರೆಗೆ ಬೆಳೆಸಲಾಯಿತು. ಕಳಸ, ಮೂಡಿಗೆರೆಗಳಲ್ಲಿ ಮನೆಗೂ ಮನೆಗೂ ನಡುವೆ ತೋಟ, ಹಳ್ಳ, ಏರು.

ಇದರಿಂದ ಗುರುವಿಗೆ ಶಿಷ್ಯನ ಮನೆಯ ಪರಿಚಯವಾಯಿತಲ್ಲವೆ ಎಂದು ಕೆಲವರು ಕೇಳಬಹುದು. ಪರಿಚಯಕ್ಕೆಂದು ಹೋದವನು ಮಗುವನ್ನು ನೋಡುತ್ತಾನೆ. ಭರ್ತಿಗೆಂದು ಹೋದವನು ಅಂಕಣವನ್ನು ನೋಡುತ್ತಾನೆ.

ನಮ್ಮ ಸಾಹಿತ್ಯವು ಗುರುವನ್ನು ಹೊಗಳುವುದರಲ್ಲಿ ಎಂದೂ ಜಿಪುಣತನ ತೋರಿಲ್ಲ. ಆತನ ತಾಳ್ಮೆಯನ್ನು ಕೊಂಡಾಡಿದೆ. ಆತನ ದಣಿವನ್ನು ಕೇಳಿದ್ದು ಅಪೂರ್ವ. ದಣಿದವನನ್ನು ಹೊಗಳಿದರೆ ಆತನು ಬಾಯಿಬಿಟ್ಟು ಹೇಳಲಾರದೆ ಇನ್ನೂ ದಣಿಯುವನು. ತೇಜಸ್ವಿಯವರು ಬೋಬಣ್ಣನನ್ನು ಹೊಗಳಲಿಲ್ಲ. ಅವನ ಪಾಡನ್ನು ತೋರಿಸಿದರು. ನಮ್ಮ ಉಪಾಧ್ಯಾಯರಿಗೂ ಅಂತಹ ಒಬ್ಬ ಕಥೆಗಾರ ಬೇಕು.