ಸೂಡಿಯ ಶಾಸನಗಳೂ ದಾನಭಾಗದ ಗದ್ಯವೂ

ಶಾಸನಗಳನ್ನು ಸಾಹಿತ್ಯವೆಂದು ಪಾಠ ಹೇಳುವವರಲ್ಲಿ ಒಂದು ರೂಢಿ ಬೇರೂರಿದೆ. ಮಂಗಳಶ್ಲೋಕ, ರಾಜಪ್ರಶಸ್ತಿ, ವಂಶವರ್ಣನೆಗಳನ್ನು ರಸಿಕತೆಯಿಂದ ವಿವರಿಸಿ, ಮತ್ತರು, ಪೊನ್ನು, ಎಲ್ಲೆಗಳ ಮಾತು ಬಂದೊಡನೆ ಪುಸ್ತಕವನ್ನು ಮುಚ್ಚುವುದೇ ಆ ರೂಢಿ. ದಾನಭಾಗವು ಚರಿತ್ರಕಾರನ ಪಾಲಿನದು, ಸಾಹಿತ್ಯಾಭ್ಯಾಸಿಗೆ ಅಲ್ಲಿ ಕೆಲಸವಿಲ್ಲ ಎಂಬ ಈ ತಿಳಿವಳಿಕೆ ತಪ್ಪೆಂದು ನಮ್ಮ ಅಭಿಪ್ರಾಯ. ರೋಣ-ಗಜೇಂದ್ರಗಡಗಳ ನಡುವಣ ಸೂಡಿಯ ಶಾಸನಗಳು ಇದಕ್ಕೆ ಸಾಕ್ಷಿ.

11ನೆಯ ಶತಮಾನದಲ್ಲಿ ಸೂಡಿಯು ಕಿಸುಕಾಡು ಎಪ್ಪತ್ತರ ಮುಖ್ಯ ಪಟ್ಟಣವಾಗಿತ್ತು. ಚಾಲುಕ್ಯ ಎರಡನೆಯ ಜಯಸಿಂಹನ ಸೋದರಿ, ‘ಗುಣದಬೆಡಂಗಿ’ಯೆಂದು ಹೆಸರಾದ ಅಕ್ಕಾದೇವಿ, ಆ ನಾಡನ್ನು ಆಳುತ್ತಿದ್ದಳು. ಇಲ್ಲಿಯ ಶಾಸನಗಳನ್ನು ಬಾರ್ನೆಟ್ ಪಂಡಿತರು ಎಪಿಗ್ರಾಫಿಯ ಇಂಡಿಕದ 15ನೆಯ ಸಂಪುಟದಲ್ಲಿ ಸಂಪಾದಿಸಿದ್ದಾರೆ. ಮೊದಲನೆಯ ಸೋಮೇಶ್ವರನ (1042-1068) ಕಾಲದ ಒಂದು ಶಾಸನವು ಅವುಗಳಲ್ಲಿ ಗಮನಾರ್ಹವಾದುದು. ಅಕ್ಕಾದೇವಿಯ ಏಳು ಮಂದಿ ಸಚಿವರು ಎಂಟು ಸೆಟ್ಟಿಗಳಿಗೂ ಎಂಬತ್ತು ಒಕ್ಕಲಿಗೂ ಪಟ್ಟಣದ ಕಟ್ಟುಪಾಡನ್ನು ನವೀಕರಿಸಿಕೊಟ್ಟರಂತೆ. ಚೋಳರೊಡನೆ ನಡೆದ ಯುದ್ಧದ ಒತ್ತಡದಲ್ಲಿ ಹಿಂದಿನ ಕಟ್ಟುಪಾಡು ಭಾಗಶಃ ಮುರಿದುಬಿದ್ದಿತ್ತಂತೆ.

ಈ ಕಾರಣದ ಮಾತಿನ ಮುಂದೆ ವಿಮರ್ಶಕನು ತುಸು ನಿಲ್ಲಬೇಕು. ಪ್ರಶಸ್ತಿಗೆ ಸೋಲೆಂಬುದು ತಿಳಿಯದು. ಅದರಲ್ಲಿ ಅರಸನು ಸದಾ ಸಮಸ್ತಭುವನಾಶ್ರಯನೇ. ಅದೇ ಕಲ್ಲಿನಲ್ಲಿ, ಕೆಲವೇ ಸಾಲುಗಳ ಕೆಳಗೆ, ಯುದ್ಧವು ಒಂದು ಊರಿನ ವ್ಯವಸ್ಥೆಯನ್ನು ಕೆಡಿಸಿತೆಂಬ ಒಪ್ಪಿಗೆಯಿದೆ. ಒಪ್ಪದೆ ವಿಧಿಯೂ ಇರಲಿಲ್ಲ. ಕೆಟ್ಟಿತೆಂದು ಹೇಳದೆ ಸರಿಪಡಿಸುವುದೆಂತು? ಪ್ರಶಸ್ತಿಯನ್ನಷ್ಟೇ ಓದಿದ ವಿದ್ಯಾರ್ಥಿಗೆ ಆ ಕಾಲದ ಅರ್ಧ ಸತ್ಯವೂ ದೊರೆಯದು.

ಆ ಕಾಲದ ದತ್ತಿಶಾಸನಗಳಲ್ಲಿ ಮತ್ತೆ ಮತ್ತೆ ಬರುವ ‘ಖಂಡಸ್ಫುಟಿತಜೀರ್ಣೋದ್ಧಾರ’ವೆಂಬ ಸಮಾಸವೂ ಹೀಗೆಯೇ. ಒಡೆದುದನ್ನು, ಬಿರಿದುದನ್ನು, ಹಳತಾದುದನ್ನು ಸರಿಪಡಿಸುವ ವೆಚ್ಚವನ್ನು ದತ್ತಿಯ ದಿನವೇ ಗೊತ್ತುಪಡಿಸುವುದು ಅದರ ಉದ್ದೇಶ. ಕಟ್ಟಡ ಹೊಸದಾಗಿರುವಾಗಲೇ ಅದು ಬಿರಿಯುವುದನ್ನು ನೆನೆದ ಗದ್ಯವಿದು! ಯಾರಿಗೆ ಎಷ್ಟು ಮತ್ತರು, ಯಾವ ಕೋಲಿನ ಅಳತೆ, ಯಾವ ಕೆಲಸಕ್ಕೆ ಎಂಬುದೆಲ್ಲ ಒಂದೇ ಉಸಿರಿನಲ್ಲಿ ಬರುತ್ತದೆ. ಕೆರೆಯ ಹೂಳು ಸಾಗಿಸುವ ಬಂಡಿಗೂ ಭೂಮಿ ಬಿಟ್ಟ ಉದಾಹರಣೆಗಳು ಕನ್ನಡನಾಡಿನಲ್ಲಿವೆ. ಅಕ್ಕಾದೇವಿಯ ಸಮಕಾಲೀನನಾದ ಎರಡನೆಯ ಚಾವುಂಡರಾಯನ ಲೋಕೋಪಕಾರವು ನೆಲದೊಳಗಿನ ನೀರನ್ನು ಕಾಣುವ ಬಗೆಯನ್ನು ತಿಳಿಸುತ್ತದೆ. ತೋಡಿದ ಬಾವಿಯನ್ನು ನೂರು ವರ್ಷ ನೋಡಿಕೊಳ್ಳುವವನಾರು, ಅವನ ಜೀವನಕ್ಕೇನು ಎಂಬುದನ್ನು ತಿಳಿಯಲು ಮಾತ್ರ ಕಲ್ಲಿನ ಬಳಿಗೇ ಹೋಗಬೇಕು.

ದಾನಭಾಗವೆಲ್ಲ ಸಿದ್ಧಸೂತ್ರವಲ್ಲವೇ ಎಂದು ಆಕ್ಷೇಪಿಸಬಹುದು. ಸೂತ್ರವೇ ದೋಷವಾದರೆ ಪ್ರಶಸ್ತಿಯೇ ಮೊದಲ ಅಪರಾಧಿ. ಅರಸನ ಬಿರುದುಗಳ ಸಾಲನ್ನು ಯಾವ ಊರಿನ ಕಲ್ಲಿಗಾದರೂ ಹೊಂದಿಸಬಹುದು, ಎಲ್ಲೆಗಳ ಸಾಲನ್ನು ಹೊಂದಿಸಲಾಗದು. ಆದರೂ ದೇವಾಲಯದ ದತ್ತಿಯಲ್ಲಿ ಇಂದಿನ ಲೋಕೋಪಯೋಗಿ ಇಲಾಖೆಯನ್ನು ಕಾಣುವ ಉತ್ಸಾಹ ನಮಗಿಲ್ಲ. ದತ್ತಿಯ ಭೂಮಿಯನ್ನು ಉಳುತ್ತಿದ್ದವನ ಮಾತು ಕಲ್ಲಿನ ಮೇಲಿಲ್ಲವೆಂಬುದನ್ನೂ ಮರೆಯಬಾರದು.

ಆ ಮಾತು ಇದೇ ಸೀಮೆಯಲ್ಲಿ ಬಹುಕಾಲದ ಮೇಲೆ ಕೇಳಿಬಂದಿತು. ಮಲಪ್ರಭಾ ಯೋಜನೆಯ ಅಚ್ಚುಕಟ್ಟಿನಲ್ಲಿ ಅಭಿವೃದ್ಧಿ ಕರವನ್ನು ವಸೂಲು ಮಾಡಹೊರಟಾಗ, ನೀರು ಸರಿಯಾಗಿ ತಲುಪದ ಹೊಲಕ್ಕೂ ಕರವೇ ಎಂದು ರೈತರು ಎದುರುನಿಂತರು. 1980ರ ಜುಲೈ 21ರಂದು ನರಗುಂದದಲ್ಲಿ ಗೋಲೀಬಾರಾಗಿ ಜೀವಹಾನಿಯೂ ಆಯಿತು. ಕಾಮಗಾರಿಯ ವೆಚ್ಚವನ್ನು ಯಾರು, ಯಾವುದರಿಂದ, ಯಾವಾಗ ಕೊಡಬೇಕೆಂಬ ವಾಕ್ಯವನ್ನು ಬರೆಯುವುದು ಎಷ್ಟು ಕಠಿನವೆಂಬುದನ್ನು ಅರಿತವನು ಸೂಡಿಯ ಗದ್ಯವನ್ನು ನೀರಸವೆನ್ನಲಾರನು.

ಪಠ್ಯಕ್ಕಾಗಿ ಶಾಸನಗಳನ್ನು ಆಯುವವರು ಇನ್ನು ಮೇಲಾದರೂ ದಾನಭಾಗವನ್ನು ಚುಕ್ಕಿಗಳಲ್ಲಿ ಮುಗಿಸದೆ, ಮತ್ತರು, ಕೋಲು, ಪೊನ್ನುಗಳಿಗೆ ಅರ್ಥಕೊಟ್ಟು ಪೂರ್ತಿಯಾಗಿ ಅಚ್ಚುಮಾಡಬೇಕು.